ಒಂದೇ ದೋಣಿಯ ಷಡ್ಡಕರು

ನಿವೃತ್ತನಾದ ಮೇಲೆ ಮನೆಯಲ್ಲಿ ನನಗೆ ವಹಿಸಿರುವ ಖಾತೆಗಳಲ್ಲಿ ಪಾಯಸವೂ ಒಂದು. ಮೊನ್ನೆ ಏಲಕ್ಕಿ ಹುಡುಕುತ್ತ ಶೆಲ್ಫಿಗೆ ಕೈಹಾಕಿದರೆ ಸಿಕ್ಕಿದ್ದು ಬೂದು ಮುಚ್ಚಳದ ಒಂದು ಪುಟ್ಟ ಕಪ್ಪು ಪ್ಲಾಸ್ಟಿಕ್ ಡಬ್ಬಿ. ತೆಗೆದೆ, ಇಂಗು. ಅಂಥದೇ ಇನ್ನೊಂದು, ಲವಂಗ. ಮತ್ತೊಂದರಲ್ಲಿ, ಕಳೆದೇಹೋಯಿತೆಂದು ನನ್ನ ಹೆಂಡತಿ ಸುಮಾ ಇಡೀ ಮನೆ ಜಾಲಾಡಿಸಿದ್ದ ಮೂಗುಬೊಟ್ಟು. ಏಲಕ್ಕಿ ಮಾತ್ರ ಇಲ್ಲ. ಹಾಲು ಒಲೆಯ ಮೇಲೆ ಉಕ್ಕಿತು. ನಾನು ಆ ಡಬ್ಬಿ ಹಿಡಿದುಕೊಂಡು ಅಲ್ಲೇ ಸ್ಟೂಲಿನ ಮೇಲೆ ಕೂತೆ.

ನಿಮ್ಮ ಮನೆಯಲ್ಲೂ ಇಂಥವು ಇದ್ದಿರಬೇಕು. ಕ್ಯಾಮೆರಾಕ್ಕೆ ಫಿಲ್ಮ್ ಹಾಕುತ್ತಿದ್ದ ಕಾಲದಲ್ಲಿ ಫಿಲ್ಮ್ ಸುರುಳಿ ಇದರೊಳಗೆ ಬರುತ್ತಿತ್ತು. ಸುರುಳಿಯ ಕೆಲಸ ಒಂದು ಮಧ್ಯಾಹ್ನಕ್ಕೆ ಮುಗಿದರೂ ಡಬ್ಬಿಯ ಕೆಲಸ ಮುಗಿಯುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಇಷ್ಟೊಂದು ಇವೆಯೆಂದರೆ ನಾನು ದೊಡ್ಡ ಫೋಟೋಗ್ರಾಫರ್ ಎಂದುಕೊಳ್ಳಬೇಡಿ. ಕ್ಯಾಮೆರಾ ಕಂಡರೆ ನನಗೆ ಚಿಕ್ಕಂದಿನಿಂದ ಆಗದು. ಮೈಸೂರಿನಲ್ಲಿ ವರ್ಷಕ್ಕೊಮ್ಮೆ ನಮ್ಮಪ್ಪ ನಮ್ಮನ್ನೆಲ್ಲ ಎಣ್ಣೆ ಹಚ್ಚಿ ಬಾಚಿದ ತಲೆಗಳೊಂದಿಗೆ ಸ್ಟುಡಿಯೋಕ್ಕೆ ಒಯ್ಯುತ್ತಿದ್ದರು. ಹಿಂದೆ ಪರದೆಯ ಮೇಲೆ ಬಿಳಿ ಪರ್ವತ, ಮುಂದೆ ನಾವು. ಸ್ಟುಡಿಯೋದಾತ "ಉಸಿರು ಬಿಗಿಹಿಡೀರಿ" ಎನ್ನುತ್ತಿದ್ದ. ನಾನು ವಿಧೇಯ ಬಾಲಕ, ಉಸಿರಿನ ಜೊತೆ ಕಣ್ಣನ್ನೂ ಬಿಗಿಹಿಡಿಯುತ್ತಿದ್ದೆ. ನಮ್ಮ ಮನೆಯ ಫೋಟೋಗಳನ್ನು ಸಾಲಾಗಿ ನೋಡಿದವರು ಈ ಹುಡುಗ ಬಾಲ್ಯವನ್ನು ಪೂರ್ತಿ ನಿದ್ದೆಯಲ್ಲೇ ಕಳೆದನೆಂದು ತಿಳಿಯುತ್ತಾರೆ.

ಡಬ್ಬಿಗಳೆಲ್ಲ ಡಾಕ್ಟರ್ ವಾಸುದೇವರ ಕೃಪೆ. ಅವರ ಹೆಂಡತಿ ಇಂದಿರಕ್ಕ, ನನ್ನ ಸುಮಾಳ ಸ್ವಂತ ಅಕ್ಕ. ಅಂದರೆ ನಾವಿಬ್ಬರೂ ಷಡ್ಡಕರು. ಇಂಗ್ಲಿಷಿನವರಿಗೆ ಈ ಸಂಬಂಧಕ್ಕೊಂದು ಹೆಸರೇ ಇಲ್ಲ; ನಮ್ಮ ಹಿರಿಯರು ಮಾತ್ರ, ಅಕ್ಕತಂಗಿಯರನ್ನು ಮದುವೆಯಾದ ತಪ್ಪಿಗೆ ಜೀವನವಿಡೀ ಒಬ್ಬರ ಪಕ್ಕ ಒಬ್ಬರು ಊಟಕ್ಕೆ ಕೂರಬೇಕಾದ ಇಬ್ಬರು ಗಂಡಸರಿಗೆ ಒಂದು ಹೆಸರು ಬೇಕೇ ಬೇಕೆಂದು ಅರಿತಿದ್ದರು.

ಡಾಕ್ಟರು ನಮಗಿಂತ ಬಹಳ ಮುಂಚೆ ಅಮೆರಿಕಕ್ಕೆ ಬಂದು ವಾಷಿಂಗ್ಟನ್ ಹತ್ತಿರದ ರಾಕ್‌ವಿಲ್‌ನಲ್ಲಿ ನೆಲೆಸಿದವರು. ಅರಿವಳಿಕೆ ತಜ್ಞರು. ಆಸ್ಪತ್ರೆಯಲ್ಲಿ ಮದ್ದು ಕೊಟ್ಟು ಮಲಗಿಸುತ್ತಿದ್ದರು, ಮನೆಯಲ್ಲಿ ಸ್ಲೈಡ್ ತೋರಿಸಿ. ಬೇಸ್‌ಮೆಂಟಿನಲ್ಲಿ ಬಿಳಿ ಪರದೆ ಕಟ್ಟಿ, ದೀಪ ಆರಿಸಿ, "ಇದು ಹದ್ದು. ಇದು ಅದೇ ಹದ್ದು, ಸ್ವಲ್ಪ ಎಡಕ್ಕೆ" ಎಂದು ಶುರುಮಾಡಿದರೆ ಬಿಸಿಬೇಳೆಭಾತ್ ತಿಂದು ಕೂತವರಿಗೆ ಬೇರೆ ಮದ್ದು ಬೇಕಿರಲಿಲ್ಲ. ನಾನು ಅಟ್ಲಾಂಟಾದ ಕಡೆ, ಡುಲುತ್‌ನಲ್ಲಿದ್ದೆ. ಜಮಖಾನೆ ನೇಯುವ ಮಿಲ್ಲೊಂದರ ಲ್ಯಾಬಿನಲ್ಲಿ ಬಣ್ಣ ಬೆರೆಸುವ ಕೆಮಿಸ್ಟ್. "ಮುರಳಿ ಕಾರ್ಪೆಟ್ ಡಾಕ್ಟ್ರು" ಎಂದು ಅವರು ನನ್ನನ್ನು ಪರಿಚಯಿಸುತ್ತಿದ್ದರು. ನಾನು ಅವರನ್ನು ಕೊನೆಯವರೆಗೂ "ಡಾಕ್ಟ್ರೇ" ಎಂದೇ ಕರೆದೆ. ಇಬ್ಬರೂ ಗೌರವದಲ್ಲಿ ಒಬ್ಬರಿಗೊಬ್ಬರು ಕಡಿಮೆಯಿರಲಿಲ್ಲ.

ಜಗಳವಾದದ್ದು ತೊಂಬತ್ತರ ದಶಕದ ಮೊದಲಲ್ಲಿ, ನಾರ್ತ್ ಕ್ಯಾರೊಲೈನಾದ ಕಡಲತೀರದಲ್ಲಿ. ಎರಡೂ ಸಂಸಾರ ಒಂದೇ ವ್ಯಾನಿನಲ್ಲಿ ಹೋಗಿದ್ದೆವು. ಅಲ್ಲಿ ಕೆಲವು ದ್ವೀಪಗಳಲ್ಲಿ ಕಾಡುಕುದುರೆಗಳಿವೆ. ಚಿಕ್ಕ ದೋಣಿಯಲ್ಲಿ ನಾಲ್ಕಾರು ಜನರನ್ನು ಕೂರಿಸಿಕೊಂಡು ದಡದ ಹತ್ತಿರ ಒಯ್ದು ಫೋಟೋ ತೆಗೆಯಲು ಬಿಡುತ್ತಾರೆ. ಡಾಕ್ಟರು ಹೊಸ ಕ್ಯಾಮೆರಾ ತಂದಿದ್ದರು. ಅದಕ್ಕೊಂದು ಸೋರೆಕಾಯಿ ಗಾತ್ರದ ಲೆನ್ಸು. ದೋಣಿಯಲ್ಲಿ ಅದನ್ನು ಮುಕ್ಕಾಲಿ ಸ್ಟ್ಯಾಂಡಿನ ಮೇಲಿಟ್ಟು, "ನಾನು ಸ್ಕ್ರೂ ಟೈಟ್ ಮಾಡೋವರೆಗೂ ಹಿಡ್ಕೊಂಡಿರು" ಎಂದರು. ಹಿಡಿದುಕೊಂಡೆ. ಅವರು ತಿರುಗಿಸಿದರು, ತಿರುಗಿಸುತ್ತಲೇ ಇದ್ದರು. ಅಷ್ಟರಲ್ಲಿ ಒಂದು ಕಂದು ಕುದುರೆ ಮರಿಯ ಸಮೇತ ನೀರಿಗಿಳಿಯಿತು. ಗಾಳಿ ಬೀಸಿತು. ಡಾಕ್ಟರು ಏನೋ ಕೂಗಿದರು. ನನಗೆ ಕೇಳಿಸಿದ್ದು "ಬಿಡು". ಬಿಟ್ಟೆ.

ಅವರು ಅಂದದ್ದು "ಬಿಡಬೇಡ".

ನೋಡಿ, ಇಂಥ ಕಡೆ ಇಂಗ್ಲಿಷು ಅನುಕೂಲ. ಬೇಡವೆನ್ನುವುದನ್ನು ಅವರು ಮೊದಲೇ ಹೇಳಿ ಆಮೇಲೆ ವಿಷಯಕ್ಕೆ ಬರುತ್ತಾರೆ. ನಾವು ವಿಷಯ ಹೇಳಿ, ಮನುಷ್ಯನನ್ನು ಕೆಲಸಕ್ಕೆ ಹಚ್ಚಿ, ಕೊನೆಗೆ ಬೇಡವೆನ್ನುತ್ತೇವೆ. ಕ್ಯಾರೊಲೈನಾದ ಗಾಳಿ ನನಗೆ ಕ್ರಿಯಾಪದವನ್ನು ತಲುಪಿಸಿ ನಿಷೇಧವನ್ನು ತನ್ನೊಂದಿಗೆ ಒಯ್ದಿತ್ತು. ಕ್ಯಾಮೆರಾ ಒಂದು ಗುಳುಕ್ ಶಬ್ದ ಮಾಡಿ ಮುಳುಗಿತು. ಕುದುರೆ ತಲೆಯೆತ್ತಿ ನೋಡಿತು.

"ಸ್ಕ್ರೂ ತಿರುಗಿಸೋಕೆ ಇಷ್ಟು ಹೊತ್ತು ಬೇಕಾ ಡಾಕ್ಟ್ರೇ?" ಎಂದು ಕೇಳಿಬಿಟ್ಟೆ. ಅವರ ಮುಖ ಕೆಂಪಾಯಿತು. ಆವತ್ತು ಮುಚ್ಚಿದ ಬಾಯಿ ಎರಡು ವರ್ಷ ನನ್ನ ಮುಂದೆ ತೆರೆಯಲಿಲ್ಲ.

ಅಕ್ಕತಂಗಿಯರು ಭಾನುವಾರ ಫೋನು ಮಾಡಿಕೊಳ್ಳುತ್ತಿದ್ದರು. ನಾನು ಮಾಡಿದರೆ ಡಾಕ್ಟರು ಎತ್ತಿ, ನನ್ನ ಧ್ವನಿ ಕೇಳಿದೊಡನೆ "ಇಂದೂ, ಅಟ್ಲಾಂಟಾ" ಎಂದು ರಿಸೀವರ್ ಪಕ್ಕಕ್ಕಿಡುತ್ತಿದ್ದರು. ಒಂದು ಇಡೀ ಮಹಾನಗರವಾಗಿಬಿಟ್ಟೆನಲ್ಲ ಎಂದು ನಾನು ನಗುತ್ತಿದ್ದೆ. ಸುಮಾ ನಗುತ್ತಿರಲಿಲ್ಲ. ಅದುವರೆಗೆ ಪ್ರತಿ ಗೌರಿಹಬ್ಬಕ್ಕೂ ಅಕ್ಕ ಬರುತ್ತಿದ್ದರು, ಇಲ್ಲವೇ ಇವಳು ಹೋಗುತ್ತಿದ್ದಳು. ಆ ವರ್ಷ ಬಾಗಿನ ಪಾರ್ಸೆಲ್ಲಿನಲ್ಲಿ ಬಂತು. ರಟ್ಟಿನ ಪೆಟ್ಟಿಗೆ ಬಿಚ್ಚಿದರೆ ಹಸಿರು ಬಳೆಗಳೆಲ್ಲ ಚೂರುಚೂರು. ಸುಮಾ ಆ ಚೂರುಗಳನ್ನು ಗುಡಿಸದೆ ಅಡುಗೆಮನೆಯ ನೆಲದ ಮೇಲೆ ಬಹಳ ಹೊತ್ತು ಕೂತಿದ್ದಳು. ನಾನು ಬಾಗಿಲಲ್ಲಿ ನಿಂತು ಒಳಗೆ ಹೋಗಲಾರದೆ, ಹೊರಗೆ ಹೋಗಲಾರದೆ, ಕೊನೆಗೆ ಹುಲ್ಲು ಕತ್ತರಿಸಲು ಹೋದೆ.

ಜಗಳವಾಗಿ ಎರಡು ವರ್ಷವಾಗುತ್ತ ಬಂದಾಗ, ಬೇಸಿಗೆಗೆ ಮುಂಚೆ ಅವಳು ಒಂದು ಬ್ರೋಷರ್ ತಂದು ನನ್ನ ತಟ್ಟೆಯ ಪಕ್ಕ ಇಟ್ಟಳು. ಅಲಾಸ್ಕಾ. ಚಿಕ್ಕ ಬೋಟು, ಕೆಲವೇ ಪ್ರಯಾಣಿಕರು, ಹಿಮನದಿ, ಸೀಲು, ತಿಮಿಂಗಿಲ, ಎಲ್ಲವನ್ನೂ ಹತ್ತಿರದಿಂದ ಫೋಟೋ ತೆಗೆಯುವ ಏರ್ಪಾಡು.

"ನಿಮ್ಮ ಫಿಫ್ಟಿಯೆತ್ ಬರ್ತ್‌ಡೇಗೆ ಬುಕ್ ಮಾಡಿದೀನಿ."

"ನನಗ್ಯಾಕೆ ಫೋಟೋ? ನಾನು ತೆಗೆದ ಫೋಟೋದಲ್ಲಿ ನನ್ನ ಬೆರಳು ಬಿಟ್ರೆ ಇನ್ನೇನೂ ಬರಲ್ಲ."

"ಐಸಿನ ನೀಲಿ ನೋಡಿ. ನಿಮ್ಮ ಲ್ಯಾಬಲ್ಲಿ ಇಂಥ ನೀಲಿ ಮಾಡಿದೀರಾ ಯಾವತ್ತಾದ್ರೂ?"

ನನ್ನ ಮರ್ಮಸ್ಥಾನ ಅವಳಿಗೆ ಗೊತ್ತು. ಒಪ್ಪಿದೆ. ಅದೇ ವಾರ ರಾಕ್‌ವಿಲ್‌ನಲ್ಲಿ ಇನ್ನೊಬ್ಬ ಗಂಡಸಿನ ತಟ್ಟೆಯ ಪಕ್ಕವೂ ಅದೇ ಬ್ರೋಷರ್ ಬಂದು ಕೂತಿದೆಯೆಂದು ನನಗೆ ಹೇಗೆ ಗೊತ್ತಾಗಬೇಕು?

ಅಲಾಸ್ಕಾದ ಆ ಪುಟ್ಟ ಬಂದರಿನಲ್ಲಿ ಟ್ಯಾಕ್ಸಿ ನಿಂತಿತು. ಕಟ್ಟೆಯ ಮೇಲೆ ಶಾಲು ಹೊದ್ದ ಹೆಂಗಸೊಬ್ಬರು ಬೋಟಿನ ಕಡೆ ಮುಖಮಾಡಿ ನಿಂತಿದ್ದರು. ನಾವಿನ್ನೂ ಬಾಗಿಲು ತೆರೆದಿಲ್ಲ, ಅವರು ತಿರುಗಿಯೂ ನೋಡಿಲ್ಲ, ಆಗಲೇ ಜೋರಾಗಿ, "ಅಯ್ಯೋ ಸುಮೀ! ನೀವೂ ಇಲ್ಲಿಗೇ ಬಂದ್ರಾ? ಎಂಥಾ ಕೋಇನ್ಸಿಡೆನ್ಸು!" ಎಂದರು. ಇಂದಿರಕ್ಕನಿಗೆ ನಾಟಕದ ಅಭ್ಯಾಸವಿಲ್ಲ.

"ಅಕ್ಕಾ! ನೀನು!" ಎಂದು ಸುಮಾ ಕಿರುಚಿದಳು. ಇವಳದ್ದು ಇನ್ನೂ ಕೆಟ್ಟ ಅಭಿನಯ. ಆದರೆ ತಬ್ಬಿಕೊಂಡದ್ದು ಮಾತ್ರ ಅಭಿನಯವಾಗಿರಲಿಲ್ಲ. ಇಬ್ಬರೂ ಬಿಡುವಂತೆಯೇ ಕಾಣಲಿಲ್ಲ.

ಡಾಕ್ಟರು ಮೊದಲು ನನ್ನನ್ನು ನೋಡಿದರು. ಆಮೇಲೆ ನನ್ನ ಸೂಟ್‌ಕೇಸ್ ನೋಡಿದರು. ಆಮೇಲೆ, ಈಜಿಕೊಂಡು ವಾಪಸ್ ಹೋಗಲು ಸಾಧ್ಯವೇ ಎಂದು ಅಳೆಯುವವರ ಹಾಗೆ ಸಮುದ್ರ ನೋಡಿದರು.

ಬೋಟಿನ ಒಡತಿ, ಕ್ಯಾಪ್ಟನ್, ಫೋಟೋ ಪಾಠ ಹೇಳುವವಳು ಎಲ್ಲ ಒಬ್ಬಳೇ. ಕ್ಯಾರೆನ್ ಎಂದು ಹೆಸರು. ಗಾಳಿಗೆ ಕಂದಿದ ಮುಖದ ಗಟ್ಟಿ ಹೆಂಗಸು. ನಮ್ಮನ್ನು ಬಿಟ್ಟರೆ ಇನ್ನೊಂದು ವಯಸ್ಸಾದ ಜೋಡಿಯಷ್ಟೇ ಪ್ರಯಾಣಿಕರು. ಕ್ಯಾಬಿನ್ನುಗಳೆಂದರೆ ಮೇಲೊಂದು ಕೆಳಗೊಂದು ಮಂಚವಿರುವ ಮರದ ಗೂಡುಗಳು. ಕ್ಯಾರೆನ್ ಬೀಗದ ಕೈ ಹಂಚುವ ಮೊದಲೇ ಇಂದಿರಕ್ಕ ಘೋಷಿಸಿದರು: "ನಾವಿಬ್ರೂ ಒಂದ್ರಲ್ಲಿ ಇರ್ತೀವಪ್ಪ. ಎಷ್ಟೊಂದು ಮಾತಾಡೋದಿದೆ."

ಉಳಿದ ಗೂಡು ಷಡ್ಡಕರ ಪಾಲಾಯಿತು. ನಾನು ಮೇಲೆ, ಡಾಕ್ಟರು ಕೆಳಗೆ. ಅವರು ನನ್ನೊಂದಿಗೆ ಮಾತಾಡದೆಯೂ ಸಂಸಾರ ನಡೆಸುವ ಉಪಾಯ ಕಂಡುಕೊಂಡರು. ಕ್ಯಾರೆನ್ನಳ ಮೂಲಕ ಇಂಗ್ಲಿಷಿನಲ್ಲಿ ಹೇಳಿಕಳಿಸುವುದು. ಮೇಲಿನ ಮಂಚದ ಮಹನೀಯರು ಕಾಲು ಇಳಿಬಿಡುವಾಗ ಕೆಳಗೆ ಯಾರದೋ ತಲೆ ಇದೆಯೆಂದು ಗಮನಿಸಬೇಕು. ನಾನೂ ಬಿಡಲಿಲ್ಲ. ಕೆಳಗಿನ ಮಹನೀಯರು ಗೊರಕೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿಕೊಳ್ಳಬಹುದೇ. ಎರಡನೆಯ ದಿನ ಕ್ಯಾರೆನ್ ಸುಮಾಳನ್ನು ಪಕ್ಕಕ್ಕೆ ಕರೆದು, ಇವರಿಬ್ಬರಿಗೆ ಒಂದೇ ಭಾಷೆ ಬರುವುದಿಲ್ಲವೇ ಎಂದು ಮರುಕದಿಂದ ಕೇಳಿದಳಂತೆ.

ಒಂದು ಸಂಗತಿ ಮಾತ್ರ ನನಗೆ ಕಸಿವಿಸಿ ಮಾಡುತ್ತಿತ್ತು. ಹೊಸ ಕ್ಯಾಮೆರಾ ನೀರುಪಾಲಾದ ಮೇಲೆ ಡಾಕ್ಟರು ತಮ್ಮ ಹಳೆಯದನ್ನೇ ತಂದಿದ್ದರು. ಅದಕ್ಕೆ ಫಿಲ್ಮಿನ ತುದಿಯನ್ನು ಕೈಯಿಂದಲೇ ಸಣ್ಣ ಸೀಳಿಗೆ ಸಿಕ್ಕಿಸಿ ಹಲ್ಲುಗಳಿಗೆ ಕೂರಿಸಬೇಕು. ಬೆಳಿಗ್ಗೆ ಆ ಕೆಲಸಕ್ಕೆ ಕೂತಾಗ ಅವರು ನನಗೆ ಬೆನ್ನು ತಿರುಗಿಸಿ, ಗೋಡೆಗೆ ಮುಖಮಾಡಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಬಹಳ ಹೊತ್ತು ಕೂರುತ್ತಿದ್ದರು. ಎಷ್ಟು ತಾತ್ಸಾರ ನೋಡು, ಫಿಲ್ಮ್ ಹಾಕುವುದನ್ನೂ ನಾನು ನೋಡಬಾರದಂತೆ ಎಂದುಕೊಂಡೆ.

ಮೂರನೆಯ ದಿನ ಹಿಮನದಿಗೆ ಹೋದೆವು. ಬೋಟು ದೂರದಲ್ಲೇ ನಿಂತಿತು. ಕ್ಯಾರೆನ್ ನಮ್ಮನ್ನು ಇಬ್ಬಿಬ್ಬರಂತೆ ರಬ್ಬರ್ ದೋಣಿಯಲ್ಲಿ ಇನ್ನಷ್ಟು ಹತ್ತಿರ ಒಯ್ಯುತ್ತಿದ್ದಳು. ಅಕ್ಕತಂಗಿಯರು ಮೊದಲೇ ಹೋಗಿಬಂದು, ಚಟ್ನಿಪುಡಿ ಕಲಸಿದ ಅವಲಕ್ಕಿ ಮೆಲ್ಲುತ್ತ ಡೆಕ್ಕಿನ ಮೇಲೆ ಕೂತಿದ್ದರು. ಆಮೇಲಿನ ಸರದಿ ಯಾರದೆಂದು ಹೇಳಬೇಕಾಗಿಲ್ಲ.

ಹಿಮನದಿ ಎಂಬ ಹೆಸರು ಕೇಳಿ ನಾನು ಏನೋ ಹರಿಯುವುದನ್ನು ಊಹಿಸಿದ್ದೆ. ಅದು ಗೋಡೆ. ಎರಡು ಬೆಟ್ಟಗಳ ನಡುವೆ ಸಮುದ್ರಕ್ಕೆ ಅಡ್ಡ ನಿಂತ, ಬಿರುಕುಬಿಟ್ಟ ಗೋಡೆ. ಬಿರುಕುಗಳೊಳಗೆ ನೀಲಿ. ನಾನು ಬಣ್ಣದವನು, ಹೆಸರಿಡಲು ನೋಡಿದೆ. ಲ್ಯಾಬಿನ ಹೆಸರುಗಳು ಒಂದೂ ನೆರವಿಗೆ ಬರಲಿಲ್ಲ. ನೆನಪಾದದ್ದು ಮೈಸೂರಿನ ಹಿತ್ತಿಲು. ಅಮ್ಮ ಅಪ್ಪನ ಪಂಚೆಗೆ ನೀಲಿಪುಡಿ ಹೆಚ್ಚು ಹಾಕಿಬಿಟ್ಟ ದಿನ ತಂತಿಯ ಮೇಲೆ ಒಂದು ತುಂಡು ಆಕಾಶವೇ ಒಣಗುತ್ತಿತ್ತು. ಅಪ್ಪ ಅದನ್ನೇ ಉಟ್ಟು ಸಿಡಿಮಿಡಿಗೊಳ್ಳುತ್ತ ಕಚೇರಿಗೆ ಹೋಗುತ್ತಿದ್ದರು. ತೇಲುವ ಐಸಿನ ಹಲಗೆಗಳ ಮೇಲೆ ಸೀಲುಗಳು ಹಬ್ಬದೂಟ ಮುಗಿಸಿದ ನೆಂಟರಂತೆ ಬಿದ್ದುಕೊಂಡಿದ್ದವು. ಒಂದೊಂದೂ ನಮ್ಮನ್ನು ಒಮ್ಮೆ ನೋಡಿ, ಎದ್ದು ಮಾತಾಡಿಸುವಷ್ಟು ಹತ್ತಿರದವರಲ್ಲವೆಂದು ಮತ್ತೆ ಮಲಗುತ್ತಿತ್ತು.

ಡಾಕ್ಟರು ಸೀಲುಗಳ ಮೇಲೆಯೇ ಒಂದಿಡೀ ಸುರುಳಿ ಮುಗಿಸಿದರು. ಆಗ ಕ್ಯಾರೆನ್ ಕೈ ಮೇಲೆತ್ತಿದಳು. ಗೋಡೆಯ ಎಡಭಾಗದಿಂದ ಐಸಿನ ಚೂರುಗಳು ಉದುರತೊಡಗಿದ್ದವು. ದೊಡ್ಡದು ಬೀಳಲಿದೆ, ಸಿದ್ಧವಾಗಿ ಎಂದಳು.

ಡಾಕ್ಟರು ಕ್ಯಾಮೆರಾದ ಬೆನ್ನು ತೆರೆದು ಹೊಸ ಫಿಲ್ಮಿನ ತುದಿಯನ್ನು ಸೀಳಿಗೆ ಹಿಡಿದರು. ಇಲ್ಲಿ ತಿರುಗಿ ಕೂರಲು ಗೋಡೆಯಿರಲಿಲ್ಲ. ಅವರ ಬೆರಳುಗಳು ನಡುಗುತ್ತಿದ್ದವು. ಚಳಿಯ ನಡುಕವಲ್ಲ; ನನಗೂ ಚಳಿಯಾಗುತ್ತಿತ್ತು, ಆ ವ್ಯತ್ಯಾಸ ನನಗೆ ಗೊತ್ತಾಯಿತು. ತುದಿ ಸೀಳಿನ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡರು. ಆಗ ಎರಡೂ ಕೈ ನಡುಗಿದವು. ಅವರು ತಲೆಯೆತ್ತಿ ನನ್ನ ಕಡೆ ನೋಡಿದರು. ರೋಗಿಗಳು ಅವರನ್ನು ಹಾಗೆ ನೋಡುತ್ತಿದ್ದಿರಬೇಕು.

ನಾನು ಕೈಗವಸು ಬಿಚ್ಚಿ ಕ್ಯಾಮೆರಾ ತೆಗೆದುಕೊಂಡೆ. ಫಿಲ್ಮ್ ಹಾಕುವುದು ನನಗೂ ಸರಿಯಾಗಿ ಬಾರದು. ಅವರ ಕಡೆ ನೋಡದೆ ಅದರೊಂದಿಗೆ ಗುದ್ದಾಡುತ್ತಿದ್ದಾಗ ಒಂದು ಮನೆಯಷ್ಟು ಐಸು ಗೋಡೆಯಿಂದ ಕಳಚಿತಂತೆ. ನಾವಿಬ್ಬರೂ ನೋಡಲಿಲ್ಲ. ತಲೆಯೆತ್ತುವ ಹೊತ್ತಿಗೆ ಗುಡುಗು ಬಂದು ತಲುಪಿತ್ತು, ನೀರು ಏಳುತ್ತಿತ್ತು, ದೋಣಿ ತೊಟ್ಟಿಲಾಗಿತ್ತು. ಅಷ್ಟು ದೂರ ಹೋಗಿ ಹಿಮನದಿಗೆ ಬೆನ್ನು ಹಾಕಿ ಕ್ಯಾಮೆರಾದ ಹೊಟ್ಟೆ ನೋಡುತ್ತ ಕೂತವರನ್ನು ಕ್ಯಾರೆನ್ ಹಿಂದೆಂದೂ ಕಂಡಿರಲಿಲ್ಲವೆಂದು ಅವಳ ಮುಖವೇ ಹೇಳುತ್ತಿತ್ತು.

ಬೋಟಿಗೆ ಮರಳಿ, ನೆಂದ ಬಟ್ಟೆ ಬದಲಿಸಲು ಕ್ಯಾಬಿನ್ನಿಗೆ ಹೋದೆವು. ಡಾಕ್ಟರು ಮಂಚದ ಅಂಚಿನಲ್ಲಿ ಕೂತರು. ಕೈಗಳನ್ನು ತೊಡೆಗಳ ಕೆಳಗೆ ಇಟ್ಟುಕೊಂಡಿದ್ದರು.

"ಪಾರ್ಕಿನ್ಸನ್ ಅಲ್ಲ," ಎಂದರು. ಎರಡು ವರ್ಷಗಳ ನಂತರ ಅವರು ನನಗೆ ನೇರವಾಗಿ ಹೇಳಿದ ಮೊದಲ ಮಾತು. "ಟೆಸ್ಟ್ ಮಾಡಿಸ್ದೆ. ಬರೀ ನಡುಕ. ಕೆಲವರಿಗೆ ಬರತ್ತೆ. ಏನಾದ್ರೂ ಹಿಡಿಯೋಕೆ ಹೋದಾಗ ಜಾಸ್ತಿ."

"ಆಸ್ಪತ್ರೆ?"

"ಆಪರೇಷನ್ ಥಿಯೇಟರ್ ಬಿಟ್ಟು ವರ್ಷದ ಮೇಲಾಯ್ತು. ಈಗ ಬರೀ ಮೀಟಿಂಗು, ಪಾಠ. ಇಂದೂಗೆ ಪ್ರಮೋಷನ್ ಅಂತ ಹೇಳಿದೀನಿ. ಅವಳು ಊರಿಗೆಲ್ಲ ಫೋನ್ ಮಾಡಿ ಹೇಳಿದ್ಲು. ಕೇಸರಿಭಾತ್ ಬೇರೆ ಮಾಡಿದ್ಲು." ತೊಡೆಯ ಕೆಳಗಿನ ಕೈಗಳನ್ನು ಇನ್ನಷ್ಟು ಒಳಗೆ ತಳ್ಳಿಕೊಂಡರು. "ಆವತ್ತು ಆ ಸ್ಕ್ರೂ ನನಗೆ ತಿರುಗಿಸೋಕಾಗ್ಲಿಲ್ಲ ಮುರಳಿ. ಇಷ್ಟು ಹೊತ್ತು ಬೇಕಾ ಅಂತ ನೀನು ಕೇಳಿದ್ಯಲ್ಲ, ನಿನಗೆ ಗೊತ್ತಾಗೋಯ್ತು ಅಂದ್ಕೊಂಡೆ. ಮಾತಾಡಿದ್ರೆ ಇನ್ನೂ ಕೇಳ್ತೀಯ ಅಂತ…"

"ನನಗೆ ಕ್ಯಾಮೆರಾ ಮುಳುಗಿದ್ದು ಬಿಟ್ರೆ ಏನೂ ಗೊತ್ತಾಗಿರ್ಲಿಲ್ಲ ಡಾಕ್ಟ್ರೇ," ಎಂದೆ. "ನನ್ನ ಬುದ್ಧಿ ಮೇಲೆ ನಿಮಗೆ ಅಷ್ಟೊಂದು ನಂಬಿಕೆ ಇದೆ ಅಂತಾನೂ ಗೊತ್ತಿರ್ಲಿಲ್ಲ."

ಅವರು ನಕ್ಕರೋ ಕೆಮ್ಮಿದರೋ. "ಇಂದೂಗೆ ಹೇಳ್ಬೇಡ. ಅವಳು ತಡ್ಕೊಳಲ್ಲ."

"ಇಲ್ಲ," ಎಂದೆ.

ಆಗ ಗೋಡೆ ಮಾತಾಡಿತು.

"ರೀ, ನಂಗೆ ಗೊತ್ತು."

ನಾವಿಬ್ಬರೂ ನೆಟ್ಟಗೆ ಕೂತೆವು. ಎರಡು ಗೂಡುಗಳ ನಡುವೆ ಇದ್ದದ್ದು ಒಂದು ತೆಳ್ಳನೆಯ ಹಲಗೆ. ಅದರಾಚೆ ಇಂದಿರಕ್ಕನ ಧ್ವನಿ, ಬೇಳೆಗೆ ಉಪ್ಪು ಹಾಕಿದೆನೆಂದು ಹೇಳುವಷ್ಟು ಸಹಜವಾಗಿತ್ತು.

"ಕಾಫಿ ಲೋಟ ಎರಡೂ ಕೈಲಿ ಹಿಡ್ಕೊಳೋಕೆ ಶುರು ಮಾಡಿದಾಗ್ಲೇ ಗೊತ್ತಾಯ್ತು. ಆಮೇಲಿಂದ ನಿಮಗೆ ಮುಕ್ಕಾಲು ಲೋಟಾನೇ ಕೊಡ್ತಿರೋದು. ನೋಡ್ಲಿಲ್ವಾ?"

ಡಾಕ್ಟರು ನೋಡಿರಲಿಲ್ಲ. ಕಾಡುಕುದುರೆಯ ಕಿವಿಯ ಮೇಲಿನ ನೊಣವನ್ನು ಫೋಕಸ್ ಮಾಡುವ ಮನುಷ್ಯ, ತಮ್ಮ ಲೋಟ ನೋಡಿರಲಿಲ್ಲ.

"ಮತ್ತೆ ಕೇಸರಿಭಾತ್ ಯಾಕೆ ಮಾಡಿದೆ?" ಎಂದರು ಗೋಡೆಗೆ, ಸಣ್ಣ ಧ್ವನಿಯಲ್ಲಿ.

"ನೀವು ಅಷ್ಟು ಕಷ್ಟಪಟ್ಟು ಸುಳ್ಳು ಹೇಳಿದ್ರಿ. ಏನಾದ್ರೂ ಮಾಡ್ಬೇಕಲ್ಲ."

ಹಲಗೆಯ ಆಚೆ ಸುಮಾ ಮೂಗು ಒರೆಸಿಕೊಳ್ಳುವ ಸದ್ದು ಕೇಳಿತು. ಡಾಕ್ಟರು ತೊಡೆಯ ಕೆಳಗಿನಿಂದ ಕೈ ತೆಗೆದು, ಅಂಗೈಯನ್ನು ಆ ಹಲಗೆಯ ಮೇಲೆ ಇಟ್ಟರು. ಹಲಗೆ ಟಕಟಕನೆ ಸಣ್ಣಗೆ ಬಡಿದುಕೊಂಡಿತು. ಆಚೆಯಿಂದಲೂ ಯಾರೋ ಮೆಲ್ಲಗೆ ತಟ್ಟಿದರು. ನನಗೆ ಹೋಗಲು ಜಾಗವಿರಲಿಲ್ಲ. ಮೇಲಿನ ಮಂಚ ಹತ್ತಿ, ಡಾಕ್ಟರ ತಲೆಯನ್ನು ಗಮನಿಸಿ ಕಾಲು ಮೇಲೆಳೆದುಕೊಂಡು ಮಲಗಿದೆ.

ಮರುದಿನದಿಂದ ಬೋಟಿನಲ್ಲಿ ಶಾಂತಿ ಹೋಯಿತು. ಡಾಕ್ಟರು ಎರಡು ವರ್ಷದ ಬಾಕಿ ಮಾತನ್ನೆಲ್ಲ ಆಡತೊಡಗಿದರು. ಫಿಲ್ಮ್ ಹಾಕುವುದು ನಾನು, ಹಾಕಿದ್ದು ಸರಿಯಿಲ್ಲವೆನ್ನುವುದು ಅವರು. ಕ್ಯಾಮೆರಾ ಹೆಗಲಿಗೆ ಒತ್ತಿ ಹಿಡಿಯುವುದು ನಾನು, ಗುರಿ ಹೇಳುವುದು ಅವರು. "ಎಡಕ್ಕಯ್ಯಾ! ನಿನ್ನ ಎಡ ಅಲ್ಲ, ಹದ್ದಿನ ಎಡ!" ಹದ್ದು ಹಾರಿಹೋಗುತ್ತಿತ್ತು. ನೀರುನಾಯಿಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು, ನಮ್ಮ ವಾಗ್ವಾದ ಕೇಳಿ ಒಂದೊಂದಾಗಿ ಮುಳುಗಿದವು.

ಕೊನೆಯ ದಿನ ಬೆಳಿಗ್ಗೆ ತಿಮಿಂಗಿಲ ಕಂಡಿತು. ಮೊದಲು ದೂರದಲ್ಲಿ ಒಂದು ಉಸಿರು, ಒಲೆಯ ಮೇಲಿನ ಕುಕ್ಕರ್ ಕೂಗಿದಂತೆ. ಕ್ಯಾರೆನ್ ಇಂಜಿನ್ ನಿಲ್ಲಿಸಿದಳು. "ನೀನು ಒತ್ತು. ಯಾವಾಗ ಅಂತ ನಾನು ಹೇಳ್ತೀನಿ," ಎಂದು ಡಾಕ್ಟರು ಕ್ಯಾಮೆರಾ ನನ್ನ ಕೊರಳಿಗೆ ಹಾಕಿದರು. ನಾನು ಗುಂಡಿಯ ಮೇಲೆ ಬೆರಳಿಟ್ಟು ಅಪ್ಪಣೆಗೆ ಕಾದೆ.

ನೀರು ಒಡೆಯಿತು. ಕಪ್ಪು ಬೆನ್ನು ಎದ್ದಿತು, ಏಳುತ್ತಲೇ ಇತ್ತು, ಮುಗಿಯಲೇ ಇಲ್ಲ. ಅಪ್ಪಣೆ ಬರಲಿಲ್ಲ. ತಿರುಗಿ ನೋಡಿದರೆ ಡಾಕ್ಟರು ಕಂಬಿ ಹಿಡಿದು ಬಾಯಿ ತೆರೆದು ನಿಂತಿದ್ದರು. ಎಷ್ಟೋ ವರ್ಷಗಳಿಂದ ಪ್ರಾಣಿಗಳನ್ನು ಒಂದೇ ಕಣ್ಣಲ್ಲಿ, ಗಾಜಿನ ಮೂಲಕ ನೋಡಿದವರು.

"ಇಷ್ಟು ದೊಡ್ಡದಾಗಿರತ್ತೇನಯ್ಯಾ ಇದು!" ಎಂದರು.

"ಡಾಕ್ಟ್ರೇ, ಒತ್ಲಾ?"

ಅವರಿಗೆ ಕೇಳಿಸಲಿಲ್ಲ. ಬಾಲ ಮೇಲೆದ್ದು, ನೀರು ಸುರಿಸುತ್ತ ನಿಧಾನವಾಗಿ ಮುಳುಗಿತು. ನಾನೂ ಒತ್ತುವುದು ಮರೆತೆ.

ಅಷ್ಟರಲ್ಲಿ ಒಳಗೆ ಕಾಫಿ ಬೆರೆಸುತ್ತಿದ್ದ ಇಂದಿರಕ್ಕ ಶಾಲು ಎಳೆದುಕೊಳ್ಳುತ್ತ ಓಡಿಬಂದರು. "ಎಲ್ಲಿ ರೀ, ಎಲ್ಲಿ?"

ಡಾಕ್ಟರು ತೋರಿಸಲು ಕೈ ಚಾಚಿದರು. ಎರಡು ವರ್ಷ ಜೇಬಿನಲ್ಲೂ ಗೋಡೆಯ ಮರೆಯಲ್ಲೂ ಇಟ್ಟುಕೊಂಡಿದ್ದ ಕೈ. ಅದು ನಡುಗುತ್ತ ಒಮ್ಮೆ ಬೆಟ್ಟದ ಕಡೆ ತೋರಿಸಿತು, ಒಮ್ಮೆ ನೀರಿನ ಕಡೆ, ಒಮ್ಮೆ ನಮ್ಮ ಬೋಟಿನ ಕಡೆಯೇ. ಇಂದಿರಕ್ಕ ಆ ಬೆರಳಿನ ಹಿಂದೆ ಕಣ್ಣೋಡಿಸಿದರು, ಅತ್ತ, ಇತ್ತ, ಮತ್ತೆ ಅತ್ತ.

"ಒಂದು ಕಡೆ ತೋರ್ಸಿ ರೀ. ಇಡೀ ಅಲಾಸ್ಕಾ ತೋರಿಸ್ತಿದೀರಲ್ಲ!"

ಡಾಕ್ಟರು ಗಹಗಹಿಸಿ ನಕ್ಕರು. ನಕ್ಕಾಗ ಕೈ ಇನ್ನೂ ಹೆಚ್ಚು ನಡುಗಿತು. ಅವರು ಅದನ್ನು ಕೆಳಗಿಳಿಸಲಿಲ್ಲ.